ಪಾದದ ಎಲುಬು ಕೂಡಲು ತಡವಾದಾಗ

ಪಾದದ ಎಲುಬು ಮುರಿದವನ ಕಷ್ಟ ಒಂದು ವಿಚಿತ್ರ ಕಷ್ಟ. ಅವನಿಗೆ ಜ್ವರವಿಲ್ಲ, ಹಸಿವಿದೆ, ನೋಡಿದವರಿಗೆ ಆರೋಗ್ಯವಂತನಂತೆಯೇ ಕಾಣುತ್ತಾನೆ. ಆದರೆ ಬಚ್ಚಲುಮನೆಯವರೆಗಿನ ಹತ್ತು ಹೆಜ್ಜೆ ಅವನ ಪಾಲಿಗೆ ಹತ್ತು ಮೈಲಿ. ಒಂದೂವರೆ ತಿಂಗಳು ಕಳೆದು ಎಕ್ಸ್‌ರೇ ತೆಗೆಸಿದಾಗ ವೈದ್ಯರು "ಇನ್ನೂ ಕೂಡಿಲ್ಲ" ಎನ್ನುತ್ತಾರೆ. ಸಹನೆಯ ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಂದ.

ಪಾದದ ಹೊರಬದಿಯಲ್ಲಿ ಕಿರುಬೆರಳಿನಿಂದ ಹಿಂದಕ್ಕೆ ಸಾಗುವ ಒಂದು ಉದ್ದನೆಯ ಎಲುಬಿದೆ. ಮೆಟ್ಟಿಲಿಳಿಯುವಾಗ ಕಾಲು ಹೊರಳಿದರೆ ಹೆಚ್ಚಾಗಿ ಪೆಟ್ಟು ಬೀಳುವುದು ಇದಕ್ಕೆ. ಅದರ ಹಿಂತುದಿಯ ಚೂರು ಮಾತ್ರ ಕಿತ್ತರೆ ಸಾಮಾನ್ಯವಾಗಿ 6-8 ವಾರಗಳಲ್ಲಿ ಗುಣವಾಗುತ್ತದೆ. ತುದಿಯಿಂದ ತುಸು ಮುಂದೆ ಮುರಿದರೆ ಮಾತ್ರ ಕಥೆ ಬೇರೆ. ಲಿವರ್‌ಪೂಲಿನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಈ ಮುರಿತವನ್ನು 1902ರಲ್ಲಿ ವಿವರಿಸಿದರು. ಮುರಿದಿದ್ದುದು ಅವರದೇ ಪಾದ. ಇಂದಿಗೂ ಅದಕ್ಕೆ ಅವರ ಹೆಸರೇ ಇದೆ. ಆ ಜಾಗಕ್ಕೆ ಹರಿಯುವ ರಕ್ತ ಕಡಿಮೆ. ರಕ್ತ ಕಡಿಮೆಯಾದಲ್ಲಿ ಎಲುಬು ನಿಧಾನವಾಗಿ ಕೂಡುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಆಗ ಸ್ಕ್ರೂ ಹಾಕಿ ಜೋಡಿಸಬೇಕಾಗುತ್ತದೆ.

ತಡವಾಗುವುದಕ್ಕೆ ನಾವಾಗಿ ಸೇರಿಸುವ ಕಾರಣಗಳೂ ಇವೆ. ಬೀಡಿ ಸಿಗರೇಟು ಅವುಗಳಲ್ಲೊಂದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ, ನೋವು ಕಡಿಮೆಯಾದೊಡನೆ "ಗುಣವಾಯಿತು" ಎಂದು ಕಾಲೂರುವುದು. ನೋವು ಹೋಗುವುದು ಮೊದಲು, ಎಲುಬು ಗಟ್ಟಿಯಾಗುವುದು ಆಮೇಲೆ. ಕೂಡದ ಎಲುಬಿಗೆ ಎಣ್ಣೆ ಹಾಕಿ ತಿಕ್ಕಿಸುವುದರಿಂದಲೂ ಹಾನಿಯೇ ಹೊರತು ಲಾಭವಿಲ್ಲ.

ಈಗ ನಮ್ಮ ಮನೆಗಳಲ್ಲಿ ಕಾಣುವ ಒಂದು ತಪ್ಪು ತಿಳುವಳಿಕೆಯ ಕುರಿತು ಹೇಳಬೇಕು. ಕುಳಿತು ನಮಾಝ್ ಮಾಡಿದರೆ ಅದು ಪೂರ್ಣವಾಗದೆಂದು ಭಾವಿಸಿ, ಮುರಿದ ಕಾಲಿನ ಮೇಲೆಯೇ ನಿಲ್ಲುವವರಿದ್ದಾರೆ. ಅವರ ಭಕ್ತಿಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಪ್ರವಾದಿವರ್ಯರ(ಸ) ಮಾದರಿ ಬೇರೆಯೇ ಇದೆ. ಒಮ್ಮೆ ಮದೀನದಲ್ಲಿ ಪ್ರವಾದಿವರ್ಯರು(ಸ) ಕುದುರೆಯಿಂದ ಬಿದ್ದರು. ಖರ್ಜೂರದ ಮರದ ಬುಡಕ್ಕೆ ತಾಗಿ ಅವರ ಪಾದದ ಸಂದು ತಪ್ಪಿತೆಂದು ಹ. ಜಾಬಿರ್(ರ) ವರದಿ ಮಾಡಿರುವುದು ಅಬೂದಾವೂದ್‌ನಲ್ಲಿದೆ. ವಿಚಾರಿಸಲು ಹೋದ ಸಹಾಬಿಗಳು ಕಂಡದ್ದು, ಹ. ಆಯಿಶಾರ(ರ) ಕೋಣೆಯಲ್ಲಿ ಅವರು ಕುಳಿತು ನಮಾಝ್ ಮಾಡುತ್ತಿದ್ದುದನ್ನು. ರಾತ್ರಿಯಿಡೀ ನಿಂತು ಪಾದಗಳು ಬಾತುಕೊಳ್ಳುತ್ತಿದ್ದ ಆ ಮಹಾನುಭಾವರು, ಪಾದಕ್ಕೆ ಪೆಟ್ಟಾದಾಗ ಕುಳಿತರು! ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಝ್ ಮಾಡಲಿ ಎಂದು ಹ. ಇಮ್ರಾನ್ ಬಿನ್ ಹುಸೈನ್‌ರಿಗೆ(ರ) ಅವರು ಹೇಳಿಕೊಟ್ಟದ್ದು ಬುಖಾರಿಯಲ್ಲಿದೆ. ರೋಗಿಗೆ ಆರೋಗ್ಯದ ದಿನಗಳಲ್ಲಿ ಮಾಡುತ್ತಿದ್ದ ಕರ್ಮಗಳ ಪ್ರತಿಫಲವೇ ಬರೆಯಲ್ಪಡುತ್ತದೆಂಬ ಶುಭವಾರ್ತೆಯೂ ಅಲ್ಲಿದೆ. ಹಾಗಿರುವಾಗ ರಿಯಾಯಿತಿಯನ್ನು ಸ್ವೀಕರಿಸುವುದು ಭಕ್ತಿಯ ಕೊರತೆಯೆನ್ನುವುದು ಹೇಗೆ?

ವುಝೂವಿನ ಪ್ರಶ್ನೆಯೂ ಬರುತ್ತದೆ. ಪ್ಲಾಸ್ಟರನ್ನು ಬಿಚ್ಚಬೇಕಾಗಿಲ್ಲ, ನೆನೆಸಲೂ ಬಾರದು. ಉಳಿದ ಅಂಗಗಳನ್ನು ತೊಳೆದು, ಪ್ಲಾಸ್ಟರಿನ ಮೇಲೆ ಒದ್ದೆ ಕೈಯಿಂದ ಸವರಬೇಕು. ಚರ್ಮದ ಕಾಲುಚೀಲಕ್ಕಿರುವಂತೆ ಇದಕ್ಕೆ ದಿನಗಳ ಮಿತಿಯಿಲ್ಲ. ಹನಫೀ ಮದ್‌ಹಬ್‌ನಂತೆ ಇಷ್ಟು ಸಾಕು. ಶಾಫಿಈ ಮದ್‌ಹಬ್‌ನವರು ಜೊತೆಗೆ ತಯಮ್ಮುಮ್ ಕೂಡ ಮಾಡಬೇಕು. ಹೆಚ್ಚಿನ ವಿವರವನ್ನು ಊರಿನ ಉಸ್ತಾದರಿಂದ ಕೇಳಿ ತಿಳಿಯಬಹುದು.

ಕಾಲು ಮುರಿದದ್ದು ಮನೆಯ ತಾಯಿಗಾದರೆ ಕಷ್ಟ ಇಮ್ಮಡಿ. ಗಂಡಸಿಗೆ ರಜೆ ಸಿಗುತ್ತದೆ, ಅಡುಗೆಮನೆಗೆ ರಜೆಯಿಲ್ಲ. "ಸ್ವಲ್ಪ ಹೊತ್ತು ತಾನೇ" ಎಂದು ಅವಳು ಒಲೆಯ ಮುಂದೆ ನಿಲ್ಲುತ್ತಾಳೆ. ಎಲುಬು ಮತ್ತೆ ಸಡಿಲವಾಗುತ್ತದೆ. ಇಲ್ಲಿ ಸಹನೆಯ ಉಪದೇಶ ಬೇಕಾದುದು ಅವಳಿಗಲ್ಲ, ಮನೆಯವರಿಗೆ. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಹ. ಆಯಿಶಾ(ರ) ಹೇಳಿದ್ದಾರೆ. ಗಂಡನೂ ಗಂಡುಮಕ್ಕಳೂ ಅನ್ನಕ್ಕೆ ನೀರಿಟ್ಟರೆ, ಪಾತ್ರೆ ತೊಳೆದರೆ ಅವರ ಮರ್ಯಾದೆಯೇನೂ ಹೋಗದು. ಅವಳಿಗೆ ಹಾಲು, ರಾಗಿ, ಮುಳ್ಳು ಸಹಿತ ತಿನ್ನಬಹುದಾದ ಸಣ್ಣ ಮೀನು ಸಿಗಲಿ. ಎಲುಬಿಗೆ ಬೇಕಾದ ಡಿ ವಿಟಮಿನ್ ಬಿಸಿಲಿನಿಂದ ದೊರೆಯುತ್ತದೆ. ಹೊರಗೆ ಹೋಗುವಾಗ ಮೈಮುಚ್ಚುವ ನಮ್ಮ ಸ್ತ್ರೀಯರಿಗೆ ಅದು ಕಡಿಮೆಯಾಗುವ ಸಾಧ್ಯತೆಯಿದೆ. ಮರೆಯಿರುವ ಹಿತ್ತಿಲಲ್ಲಿ ದಿನಕ್ಕೆ ತುಸು ಹೊತ್ತು ಕುರ್ಚಿ ಹಾಕಿಕೊಡಿ.

ರೋಗಿಯನ್ನು ಸಂದರ್ಶಿಸುವುದು ಪುಣ್ಯಕರ್ಮ. ಆದರೆ "ನಮ್ಮ ಮಾವ ಒಂದೇ ತಿಂಗಳಲ್ಲಿ ಓಡಾಡಿದರು" ಎನ್ನುವ ಸಂದರ್ಶಕರು ಆ ಮಾತನ್ನು ಮನೆಯಲ್ಲೇ ಬಿಟ್ಟು ಬಂದರೆ ಒಳ್ಳೆಯದು.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯುತ್ತಾ ಕೂರಬಾರದು. ಪ್ಲಾಸ್ಟರಿನೊಳಗಿನ ಬೆರಳುಗಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ಮೀನಖಂಡ ಊದಿ ನೋಯತೊಡಗಿದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಹಠಾತ್ತನೆ ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸೇರಿರಬಹುದು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ನೋವೇ ತಿಳಿಯದೆ ಹೋಗಬಹುದು. ಅಂಥವರ ಪಾದ ಊದಿ ಬಿಸಿಯಾಗಿದ್ದರೆ, ನೋವಿಲ್ಲವೆಂದು ನಡೆದಾಡದೆ ಮೊದಲು ತೋರಿಸಬೇಕು.