ಫೋನು ನಿಂತಿತು, ನಿದ್ದೆಯೂ ಹೋಯಿತು

ಪ್ರಶ್ನೆ: ನನಗೆ 43 ವರ್ಷ. ಸುಳ್ಯ ಕಡೆಯ ಸಹಕಾರಿ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಎಂದರೆ ನಾನೊಬ್ಬನೇ. ಪುತ್ತೂರು, ಕಡಬದ ಕಡೆಗೂ ಶಾಖೆಗಳಿವೆ. ಪಾಸ್‌ಬುಕ್ ಪ್ರಿಂಟರ್ ಕೈಕೊಟ್ಟರೂ, ಮಳೆಗೆ ನೆಟ್ ಹೋದರೂ "ಅಣ್ಣಾ, ಒಮ್ಮೆ ಬನ್ನಿ" ಎಂದು ಫೋನು ಬರುತ್ತಿತ್ತು. ಬೈಕು ಹತ್ತಿ ಹೋಗುತ್ತಿದ್ದೆ. ಈಗ ಆಡಳಿತ ಮಂಡಳಿ ಸರ್ವಿಸ್ ಡೆಸ್ಕ್ ಸಾಫ್ಟ್‌ವೇರ್ ತಂದಿದೆ. ಯಾರೂ ಫೋನ್ ಮಾಡುವಂತಿಲ್ಲ, ತೊಂದರೆಯನ್ನು ಅದರಲ್ಲಿ ಬರೆದು ಟಿಕೆಟ್ ಹಾಕಬೇಕು. ನಾನು ಎಷ್ಟು ಗಂಟೆಗೆ ನೋಡಿದೆ, ಎಷ್ಟು ಹೊತ್ತು ತೆಗೆದುಕೊಂಡೆ ಎಂಬುದೆಲ್ಲ ಸಿಇಒ ಅವರ ಪರದೆಯಲ್ಲಿ ಕಾಣುತ್ತದೆ. ನನಗೆ ಗೊತ್ತಿರುವುದನ್ನೆಲ್ಲ ಅದರಲ್ಲಿ ಬರೆದು ಹಾಕಲು ಹೇಳಿದ್ದಾರೆ. ಬರೆದು ಮುಗಿದ ಮೇಲೆ ನಾನು ಯಾಕೆ ಬೇಕು? ತರಬೇತಿಗೆ ಬಂದ ಹುಡುಗ ಇಂಗ್ಲಿಷಿನಲ್ಲೇ ಓಡಿಸಿಕೊಂಡು ಹೋದ, ಅರ್ಧ ತಲೆಗೆ ಹೋಗಲಿಲ್ಲ. ರಾತ್ರಿ ನಿದ್ದೆ ಇಲ್ಲ, ಮನೆಯಲ್ಲಿ ಸಿಡುಕುತ್ತೇನೆ. ರಾಜೀನಾಮೆ ಕೊಟ್ಟು ತೋಟ ನೋಡೋಣವೆಂದರೆ ಅಡಿಕೆಗೆ ಹಳದಿ ರೋಗ. ಏನು ಮಾಡಲಿ?
– ಹೆಸರು ಬೇಡ, ಸುಳ್ಯ ತಾಲೂಕು

ಉತ್ತರ: ಆ ಫೋನುಗಳು ನಿಮ್ಮನ್ನು ಎಷ್ಟೋ ಸಲ ಊಟದ ನಡುವೆ ಎಬ್ಬಿಸಿರಬಹುದು. ಆದರೂ ಮೂರು ತಾಲೂಕಿನಲ್ಲಿ ನಿಮ್ಮನ್ನು ನಂಬಿಕೊಂಡವರು ಇದ್ದಾರೆ ಎಂಬ ಸಮಾಧಾನವನ್ನೂ ಅವೇ ಕೊಡುತ್ತಿದ್ದವು. ಅದು ಒಮ್ಮೆಲೇ ನಿಂತರೆ ಮನಸ್ಸು ಖಾಲಿಯಾಗುತ್ತದೆ. ಅದರ ಜತೆಗೆ ಯಾರೋ ಗಡಿಯಾರ ಹಿಡಿದು ನಿಂತಂತಾದರೆ ಅವಮಾನವೂ ಆಗುತ್ತದೆ. ಇದನ್ನು ನಿಮ್ಮ ಸಣ್ಣತನ ಎಂದುಕೊಳ್ಳಬೇಡಿ. ಪೋಷಣ್ ಟ್ರ್ಯಾಕರ್‌ನಲ್ಲಿ ಮಕ್ಕಳ ತೂಕ ತುಂಬಿಸುವ ಅಂಗನವಾಡಿ ಕಾರ್ಯಕರ್ತೆಯರೂ, ಇಷ್ಟು ವರ್ಷ ಕೈಬರಹದಲ್ಲಿ ಲೆಕ್ಕ ಇಟ್ಟು ಈಗ ಪರದೆಯ ಮುಂದೆ ತಡವರಿಸುವ ಗುಮಾಸ್ತರೂ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ನನಗೆ ಹೇಳುತ್ತಿರುತ್ತಾರೆ.

ಆದರೆ ನೀವು ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದೀರಿ: ನಿಮ್ಮ ಮೇಲೆ ನಂಬಿಕೆ ಹೋದದ್ದರಿಂದಲೇ ಈ ಸಾಫ್ಟ್‌ವೇರ್ ಬಂತು ಎಂದು. ಅಲ್ಲಿ ಸ್ವಲ್ಪ ತಡೆಯಿರಿ.

ಇಂಥ ವ್ಯವಸ್ಥೆ ನಿಮ್ಮನ್ನು ಗುರಿಯಿಟ್ಟು ಹುಟ್ಟಿದ್ದಲ್ಲ. ಕಂಪ್ಯೂಟರ್ ಸೇವೆಯನ್ನು ದಾಖಲೆ ಇಟ್ಟು ನಡೆಸುವ ಪದ್ಧತಿಯನ್ನು 1980ರ ದಶಕದ ಕೊನೆಗೆ ಬ್ರಿಟಿಷ್ ಸರಕಾರ ತನ್ನ ಇಲಾಖೆಗಳಿಗಾಗಿ ಪುಸ್ತಕಗಳಲ್ಲಿ ಬರೆಯಿಸಿತು. ಆ ಪದ್ಧತಿಗೆ ಐಟಿಐಎಲ್ ಎಂಬ ಹೆಸರು ಅಲ್ಲಿಂದ ಬಂದದ್ದು. ಬಹಳ ಕಾಲ ಅದಕ್ಕೆ ಬೇಕಾದ ಸಾಫ್ಟ್‌ವೇರ್ ದೊಡ್ಡ ಕಂಪೆನಿಗಳ ಸೊತ್ತಾಗಿತ್ತು, ಏಕೆಂದರೆ ಸರ್ವರ್ ಕೊಳ್ಳಬೇಕು, ಅದನ್ನು ನೋಡಿಕೊಳ್ಳಲು ಜನ ಬೇಕು. ಸರ್ವಿಸ್‌ನೌನಂಥ ಕಂಪೆನಿಗಳು ಇದನ್ನು ಇಂಟರ್‌ನೆಟ್ ಮೂಲಕವೇ ಬಾಡಿಗೆಗೆ ಕೊಡಲು ಶುರುಮಾಡಿದ ಮೇಲೆ ಚಿತ್ರ ಬದಲಾಯಿತು. ಚೆನ್ನೈಯಲ್ಲಿ ಹುಟ್ಟಿದ ಫ್ರೆಶ್‌ವರ್ಕ್ಸ್ 2014ರಲ್ಲಿ ಫ್ರೆಶ್‌ಸರ್ವಿಸ್ ತಂದಿತು. ಝೋಹೋದ ಮ್ಯಾನೇಜ್‌ಎಂಜಿನ್ ವಿಭಾಗದ ಸರ್ವಿಸ್‌ಡೆಸ್ಕ್ ಪ್ಲಸ್ ಇದೆ. ದುಡ್ಡಿಲ್ಲದೆ ಸಿಗುವ ಜಿಎಲ್‌ಪಿಐ ಕೂಡ ಇದೆ. ತಂತ್ರಜ್ಞರ ತಲೆಲೆಕ್ಕದಲ್ಲಿ ಬಾಡಿಗೆ ಕಟ್ಟಿದರೆ ಸಾಕು ಎಂದಾದ ಮೇಲೆ ಸಣ್ಣ ಸಂಸ್ಥೆಗಳಿಗೂ ಅದು ಎಟಕುವಂತಾಯಿತು. ಅಂದಹಾಗೆ ಝೋಹೋದವರ ಗ್ರಾಹಕ ದೂರುಗಳ ಸಾಫ್ಟ್‌ವೇರ್ ರೂಪುಗೊಂಡದ್ದು ತೆಂಕಾಸಿಯಲ್ಲಿ. ನಿಮ್ಮ ಸುಳ್ಯದ ಹಾಗೆ ಅದೂ ಘಟ್ಟದ ಬುಡದ ಊರು. ಇದೆಲ್ಲ ಪೇಟೆಯವರ ಸಾಮಾನು ಎಂಬ ಅಳುಕು ಇದ್ದರೆ ಅದನ್ನು ಬಿಡಬಹುದು.

ಆಡಳಿತ ಮಂಡಳಿಗಳಿಗೆ ಒಂದು ಹೆದರಿಕೆಯೂ ಇದೆ. ಸೈಬರ್ ದಾಳಿಯಂಥದ್ದು ಗೊತ್ತಾದರೆ 6 ಗಂಟೆಯೊಳಗೆ ತನಗೆ ತಿಳಿಸಬೇಕು, ಕಂಪ್ಯೂಟರ್ ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು ಎಂದು ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. 2024ರ ಜುಲೈ ಕೊನೆಗೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸೇವೆ ಕೊಡುವ ತಂತ್ರಜ್ಞಾನ ಕಂಪೆನಿಯೊಂದರ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ತಾತ್ಕಾಲಿಕವಾಗಿ ನಿಂತಿತ್ತು. ಅಂಥ ದಿನ "ಯಾವಾಗ ಗೊತ್ತಾಯಿತು, ಯಾರು ಏನು ಮಾಡಿದರು" ಎಂದು ಮೇಲಿನವರು ಕೇಳಿದರೆ ನಿಮ್ಮ ಸಿಇಒ ಏನು ತೋರಿಸಬೇಕು? ನಿಮ್ಮ ನೆನಪನ್ನೇ?

ಈಗ ನಿಮ್ಮ ಕಡೆಯ ಕರೆಂಟಿನ ಕಥೆ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಎಷ್ಟು ಮಂದಿ ಮೆಸ್ಕಾಂನ 1912ಕ್ಕೆ ಫೋನ್ ಮಾಡುತ್ತಾರೆ? ಪರಿಚಯದ ಲೈನ್‌ಮ್ಯಾನ್‌ಗೇ ಮಾಡುತ್ತಾರೆ. ಪಾಪ, ಅವರು ಆ ಗಾಳಿಮಳೆಯಲ್ಲೇ ಬಂದು ಕಂಬ ಹತ್ತುತ್ತಾರೆ. ಕರೆಂಟು ಬರುತ್ತದೆ, ದೂರು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಈ ಲೈನಿಗೆ ಇನ್ನೊಬ್ಬರು ಬೇಕು, ಹಳೇ ತಂತಿ ಬದಲಿಸಬೇಕು ಎಂದು ಕೇಳುವ ದಿನ ಪುಸ್ತಕದಲ್ಲಿ ತೊಂದರೆಯೇ ಇರುವುದಿಲ್ಲ. ನಿಮ್ಮದೂ ಇಷ್ಟು ವರ್ಷ ಹೀಗೇ ನಡೆದಿದೆ. ಕೆಲಸ ಸುಸೂತ್ರವಾಗಿ ಆಗುತ್ತಿದ್ದುದರಿಂದಲೇ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಒಬ್ಬನೇ ಮೂರು ತಾಲೂಕು ಸುತ್ತುವುದಕ್ಕೆ ಇವತ್ತಿನವರೆಗೆ ನಿಮ್ಮ ಬಳಿ ಸಾಕ್ಷಿ ಇರಲಿಲ್ಲ. ಇನ್ನು ಇರುತ್ತದೆ.

ಹಾಗೆಂದು ಈ ವ್ಯವಸ್ಥೆ ದೋಷವಿಲ್ಲದ್ದು ಎಂದು ನಾನು ಹೇಳಲಾರೆ. ಟಿಕೆಟ್ ಎಷ್ಟು ಬೇಗ ಮುಚ್ಚಿತು ಎಂಬುದೊಂದನ್ನೇ ನೋಡಿದರೆ ಅನ್ಯಾಯ ಆಗಿಯೇ ಆಗುತ್ತದೆ. 2021ರಲ್ಲಿ ನಿಮ್ಮ ಕಡೆಯ ಗುತ್ತಿಗಾರಿನ ಬಳ್ಳಕದಲ್ಲಿ ನೆಟ್ ಸಿಗಲೆಂದು ಮಳೆಯಲ್ಲೇ ರಸ್ತೆ ಬದಿ ಕುಳಿತು ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಳು, ತಂದೆ ಕೊಡೆ ಹಿಡಿದು ನಿಂತಿದ್ದರು. ಆ ಫೋಟೋ ದೇಶವಿಡೀ ಹರಿದಾಡಿತು. ಅಂಥ ಊರಿನ ಶಾಖೆಯಲ್ಲಿ ಸಂಪರ್ಕ ಬರಲು ಅರ್ಧ ದಿನ ಹಿಡಿದರೆ ಆ ಅರ್ಧ ದಿನ ನಿಮ್ಮ ಹೆಸರಿಗೆ ಬೀಳಬಾರದು. ಇದಕ್ಕೆ ದಾರಿ ಆ ಸಾಫ್ಟ್‌ವೇರಿನಲ್ಲೇ ಇರುತ್ತದೆ. ಹೆಚ್ಚಿನವುಗಳಲ್ಲಿ "ಆನ್ ಹೋಲ್ಡ್" ಎಂಬ ಸ್ಥಿತಿ ಇದೆ. ಟಿಕೆಟನ್ನು ಅದಕ್ಕೆ ಹಾಕಿದರೆ ಸಮಯದ ಲೆಕ್ಕ ನಿಲ್ಲುವಂತೆ ಹೊಂದಿಸಬಹುದು. ಕರೆಂಟು ಇಲ್ಲ, ನೆಟ್ ಇಲ್ಲ, ಬಿಡಿಭಾಗ ಮಂಗಳೂರಿನಿಂದ ಬರಬೇಕು, ಕಂಪೆನಿಯವರು ಉತ್ತರಿಸಬೇಕು ಎಂಬ ಕಾರಣಗಳನ್ನು ಅದರಲ್ಲಿ ಸೇರಿಸಿಕೊಡಲು ತರಬೇತಿಗೆ ಬಂದ ಹುಡುಗನಿಗೇ ಹೇಳಿ. ಸರ್ವರ್ ನಿಂತದ್ದನ್ನೂ ಪ್ರಿಂಟರಿನ ರಿಬ್ಬನ್ ಹೋದದ್ದನ್ನೂ ಒಂದೇ ಆದ್ಯತೆಯಲ್ಲಿ ಇಡಬಾರದು ಎಂದೂ ಹೇಳಿ. ಯಾವುದು ಮೊದಲು ಎಂಬುದು ನಿಮ್ಮಷ್ಟು ಆ ಹುಡುಗನಿಗೆ ತಿಳಿದಿರುವುದಿಲ್ಲ. ಇಂಗ್ಲಿಷ್ ಅರ್ಥವಾಗದಿದ್ದರೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿಕೊಡಿ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ದುಡ್ಡು ಕೊಟ್ಟು ಕೊಂಡವರು ನೀವು.

ಗೊತ್ತಿರುವುದನ್ನೆಲ್ಲ ಬರೆದುಕೊಟ್ಟರೆ ತಾನು ಬೇಡವಾಗುತ್ತೇನೆ ಎಂಬ ಭಯ ನಿಮ್ಮೊಬ್ಬರದ್ದಲ್ಲ. ಪಾಸ್‌ವರ್ಡ್ ಬದಲಿಸುವಂಥ ಸಣ್ಣ ಕೆಲಸಗಳನ್ನು ಈಗ ಚಾಟ್‌ಬಾಟ್‌ಗಳೇ ಮಾಡುತ್ತವೆ, ದೊಡ್ಡ ಊರುಗಳ ಸರ್ವಿಸ್ ಡೆಸ್ಕ್‌ಗಳಲ್ಲಿ ಕುಳಿತವರಿಗೂ ಈ ಚಿಂತೆ ಇದೆ. ಆ ಭಾಗ ನಿಮ್ಮ ಕೈಯಿಂದಲೂ ಹೋಗಬಹುದು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ನೆಲ ಒದ್ದೆಯಾದ ಶಾಖೆಯ ಯುಪಿಎಸ್ ಯಾಕೆ ಮತ್ತೆ ಮತ್ತೆ ಸುಡುತ್ತದೆ ಎಂದು ಹೋಗಿ ನೋಡಬೇಕಾದವರು ನೀವೇ. ಸ್ವಲ್ಪ ಗಟ್ಟಿಯಾಗಿಯೇ ಒಂದು ಮಾತು ಹೇಳುತ್ತೇನೆ. ಸರ್ವರಿನ ಗುಟ್ಟೆಲ್ಲ ಒಬ್ಬನ ತಲೆಯಲ್ಲೇ ಇರುವುದು ಸಂಸ್ಥೆಗೆ ಅಪಾಯ, ನಿಮಗೂ ಕಷ್ಟ. ಜ್ವರ ಬಂದರೆ ಮಲಗುವಂತಿಲ್ಲ, ಮಕ್ಕಳ ಶಾಲೆಯ ಕಾರ್ಯಕ್ರಮದಲ್ಲಿ ಕುಳಿತಾಗಲೂ ಕಿವಿ ಫೋನಿನ ಕಡೆಗೇ. ಆದ್ದರಿಂದ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಕೆಳಗೆ ನಿಮ್ಮ ಹೆಸರು ಇರಲಿ.

ಶಾಖೆಯವರು ಅಭ್ಯಾಸಬಲದಿಂದ ಇನ್ನೂ ಫೋನ್ ಮಾಡುತ್ತಾರೆ. ಮಾಡಿದಾಗ ಬೈಯಬೇಡಿ, ಹಾಗೇ ಓಡಲೂ ಬೇಡಿ. "ಆಯಿತು ಮಾರಾಯ್ರೆ, ಬರುತ್ತೇನೆ, ಒಂದು ಟಿಕೆಟ್ ಹಾಕಿಬಿಡಿ" ಎನ್ನಿ. ಅವರಿಗೆ ಬರದಿದ್ದರೆ ನೀವೇ ಅವರ ಹೆಸರಿನಲ್ಲಿ ಹಾಕಿ ಹೊರಡಿ. ಒಂದು ತಿಂಗಳು ಹೀಗೆ ನಡೆಯಲಿ. ತಿಂಗಳ ಕೊನೆಗೆ ಪಟ್ಟಿ ತೆಗೆದು ಸಿಇಒ ಅವರ ಮುಂದೆ ಇಡಿ: ಇಷ್ಟು ಶಾಖೆ, ಇಷ್ಟು ಕರೆ, ನಾನೊಬ್ಬ. ಸಹಾಯಕರೊಬ್ಬರು ಬೇಕು ಎಂದು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಅರ್ಜಿ ಇಲ್ಲ.

ಅದಕ್ಕಿಂತ ಮೊದಲು, ಈ ವಾರವೇ, ಸಿಇಒ ಅವರ ಹತ್ತಿರ ಹತ್ತು ನಿಮಿಷ ಕೇಳಿಕೊಳ್ಳಿ. ಈ ಅಂಕಿಗಳನ್ನು ಯಾತಕ್ಕೆ ಬಳಸುತ್ತೀರಿ, ಇನ್‌ಕ್ರಿಮೆಂಟಿಗೂ ಇದಕ್ಕೂ ಸಂಬಂಧ ಇದೆಯೇ ಎಂದು ನೇರವಾಗಿ ಕೇಳಿ. ನೀವು ಊಹಿಸಿಕೊಂಡಷ್ಟು ಕೆಟ್ಟ ಉತ್ತರ ಬರಲಿಕ್ಕಿಲ್ಲ ಎಂದು ನನಗನಿಸುತ್ತದೆ. ಬಂದರೂ ಗೊತ್ತಾದದ್ದು ಒಳ್ಳೆಯದೇ. ಇದನ್ನು ಓದುತ್ತಿರುವ ಆಡಳಿತ ಮಂಡಳಿಗಳ ಸದಸ್ಯರಿಗೂ ಒಂದು ವಿನಂತಿ. ಇಂಥದ್ದನ್ನು ತರುವ ಮೊದಲು ಅದರಲ್ಲಿ ದಿನವಿಡೀ ಕೆಲಸ ಮಾಡಬೇಕಾದವರನ್ನು ಕೂರಿಸಿ ಮಾತಾಡಿ. ಆದೇಶದ ಪ್ರತಿ ಮೇಜಿನ ಮೇಲಿಟ್ಟು ಹೋದರೆ ಸಾಲದು.

ಇನ್ನು ನಿದ್ದೆಯ ವಿಷಯ. ಎರಡು ವಾರ ದಾಟಿಯೂ ನಿದ್ದೆ ಹತ್ತದಿದ್ದರೆ, ಮನೆಯವರ ಮೇಲೆ ರೇಗುವುದು ತಡೆಯಲಾಗದಿದ್ದರೆ ಅದನ್ನು ಕೆಲಸದ ಬಿಸಿ ಎಂದು ತಳ್ಳಿಹಾಕಬೇಡಿ. ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ ಹೋಗಿ. ಅಲ್ಲಿ ಯಾರಾದರೂ ನೋಡಿಯಾರು ಎಂಬ ಸಂಕೋಚವಿದ್ದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ನಾಳೆಗೆ ಇಡಬೇಡಿ, ಇವತ್ತೇ ಮಾಡಿ, ಮನೆಯವರಿಗೂ ಹೇಳಿ.

ರಾಜೀನಾಮೆಯ ಮಾತು ಸದ್ಯಕ್ಕೆ ಬದಿಗಿರಲಿ. ನಿದ್ದೆಗೆಟ್ಟ ತಲೆಯಲ್ಲಿ ಅಂಥ ತೀರ್ಮಾನ ಬೇಡ. ಸಿಇಒ ಅವರ ಜತೆ ಮಾತಾಡಿದ ಮೇಲೆ ಅವರೇನೆಂದರು ಎಂದು ನನಗೆ ಬರೆಯಿರಿ, ಮುಂದಿನದನ್ನು ಆಗ ನೋಡೋಣ.