ನೀರಿನ ಮೇಲಿನ ತೆಳುಪದರ: ಗುರುತಿಸುವುದಕ್ಕೂ ತಡೆಯುವುದಕ್ಕೂ ಇರುವ ಅಂತರ

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಶುದ್ಧ ನೀರಿನ ಘಟಕಗಳಲ್ಲಿರುವ ಆರ್‌ಒ ಪೊರೆ ಫ್ಲೋರೈಡನ್ನು ಗುರುತಿಸಿ ಹಿಡಿಯುವುದಿಲ್ಲ. ಅದು ಕ್ಯಾಲ್ಸಿಯಂ ಸೇರಿದಂತೆ ಬಹುತೇಕ ಲವಣಗಳನ್ನು ಒಟ್ಟಿಗೇ ತಡೆದು, ಗಣನೀಯ ಪ್ರಮಾಣದ ನೀರನ್ನು ತ್ಯಾಜ್ಯವಾಗಿ ಹೊರಬಿಡುತ್ತದೆ. ಬರಪೀಡಿತ ಸೀಮೆಗೆ ಇದು ಸಣ್ಣ ನಷ್ಟವಲ್ಲ. ಆಯ್ದು ಹಿಡಿಯುವ ಮೇಲ್ಮೈಗಳ ಅಧ್ಯಯನ ಇಲ್ಲಿಗೆ ಮುಖ್ಯವಾಗುವುದು ಅದಕ್ಕಾಗಿಯೇ.

ಇಂಥ ಮೇಲ್ಮೈಗಳ ಸ್ಪಷ್ಟ ಮಾದರಿ ಲ್ಯಾಂಗ್ಮುಯಿರ್ ಪದರ. ನೀರೊಲ್ಲದ ಬಾಲ ಗಾಳಿಯತ್ತ, ನೀರೊಲಿಯುವ ತಲೆ ನೀರಿನತ್ತ ನಿಂತ ಅಣುಗಳ ಒಂದೇ ಸಾಲು ಅದು. ಇದರ ಅಧ್ಯಯನಕ್ಕೆ ಬುನಾದಿ ಹಾಕಿದ ಅರ್ವಿಂಗ್ ಲ್ಯಾಂಗ್ಮುಯಿರ್ ಅವರಿಗೆ 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಣುಗಳು ಒಂದನ್ನೊಂದು ಗುರುತಿಸಿ ಹಿಡಿಯಲು ನೆರವಾಗುವ ಹೈಡ್ರೋಜನ್ ಬಂಧಗಳು ನೀರಿನೊಳಗೆ ದುರ್ಬಲ, ಏಕೆಂದರೆ ನೀರಿನ ಅಣುಗಳೇ ಪೈಪೋಟಿಗಿಳಿಯುತ್ತವೆ. ಪದರ ನೀರನ್ನು ಮುಟ್ಟುವ ಮೇಲ್ಮೈಯಲ್ಲಿ ಅದೇ ಬಂಧ ಸಾವಿರಾರು ಪಟ್ಟು ಬಲಗೊಳ್ಳಬಲ್ಲದು. ಈ ಹಿಡಿತ ಬರೀ ವಿದ್ಯುದಾವೇಶದ ಸೆಳೆತವಲ್ಲವೇ ಎಂಬ ಆಕ್ಷೇಪಕ್ಕೆ ಅಮೈನೋ ಆಮ್ಲಗಳೇ ಉತ್ತರ: ವ್ಯಾಲಿನ್‌ನ ಎಲ್ ಮತ್ತು ಡಿ ರೂಪಗಳು ಕನ್ನಡಿಬಿಂಬಗಳು, ಆವೇಶ ಒಂದೇ. ಆದರೂ ಕೊಲೆಸ್ಟೆರಾಲ್ ತೋಳುಗಳುಳ್ಳ ಸೈಕ್ಲೆನ್ ಎಂಬ ಅಣುಗಳ ಪದರ ಅವನ್ನು ಬೇರ್ಪಡಿಸಿ ಗುರುತಿಸುತ್ತದೆ. ಪದರವನ್ನು ಒತ್ತಿದಂತೆ ಅದರ ಆಯ್ಕೆಯೇ ತಿರುವುಮುರುವಾಗುತ್ತದೆ. ಹಾಗಾಗಿ ಗುರುತಿಸುವ ಶಕ್ತಿ ಅಣುವಿನಲ್ಲಷ್ಟೇ ಇಲ್ಲ, ಅಣುಗಳ ಜೋಡಣೆಯಲ್ಲೂ ಇದೆ.

ಇಂಥ ಪದರದಿಂದ ಕೊಳವೆಬಾವಿ ನೀರು ಶುದ್ಧವಾಗದು ಎಂಬ ಮಾತು ನಿಜ. ಆದರೆ ಮೇಲ್ಮೈಯಲ್ಲಿ ಆಯ್ದು ಹಿಡಿಯುವ ತತ್ತ್ವ ಈಗಾಗಲೇ ಬಳಕೆಯಲ್ಲಿದೆ: ಸಕ್ರಿಯ ಅಲ್ಯುಮಿನಾ ಫ್ಲೋರೈಡನ್ನು ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುತ್ತದೆ. ಆರ್‌ಒ ನಡೆಯುವುದು ಒತ್ತಡದಿಂದ, ಅಲ್ಯುಮಿನಾ ವಿಧಾನ ಅಧಿಶೋಷಣೆಯಿಂದ.