ಬಾಡಿಗೆ ಮನೆ ಕೊಳ್ಳುವ ಮುನ್ನ ಒಳಗಿರುವವರನ್ನು ಮಾತಾಡಿಸಿ

ಮೈಸೂರು ಜಿಲ್ಲೆಯ ಹದಿನಾರು ಎಂಬ ಹಳ್ಳಿಯವರಿಗೆ ಒಂದು ಕಡೆ ನಂಜನಗೂಡು, ಇನ್ನೊಂದು ಕಡೆ ತಿ. ನರಸೀಪುರ. ನಿವೃತ್ತಿಯ ಹಣವೋ ಜಮೀನು ಮಾರಿದ ಹಣವೋ ಕೈಗೆ ಬಂದಾಗ, ಈ ಎರಡರಲ್ಲಿ ಒಂದೂರಲ್ಲಿ ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಹೇಗೆ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ನಂಜನಗೂಡು, ತಾಂಡವಪುರದ ಕಾರ್ಖಾನೆಗಳಿಗೆ ದುಡಿಯಲು ಬಂದವರಿಗೆ ಮನೆ ಬೇಕು, ಹಾಗಾಗಿ ಯೋಚನೆಯಲ್ಲಿ ತಪ್ಪಿಲ್ಲ. ಮುಂದೆ ತಲೆನೋವಾಗುವ ಬಹುಪಾಲು ಸಂಗತಿಗಳನ್ನು ಕ್ರಯಪತ್ರಕ್ಕೆ ಸಹಿ ಬೀಳುವ ಮೊದಲೇ ತಡೆಯಬಹುದು. ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

1. ಮೊದಲು ಲೆಕ್ಕ

40 ಲಕ್ಷ ರೂಪಾಯಿಯ ಮನೆ, ತಿಂಗಳಿಗೆ 9,000 ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,08,000, ಅಂದರೆ ಶೇ. 2.7. ಒಂದು ತಿಂಗಳು ಖಾಲಿ ಬಿದ್ದರೆ, ಸುಣ್ಣಬಣ್ಣ, ಮೋಟಾರ್ ರಿಪೇರಿ, ಕಂದಾಯ ಕಳೆದರೆ ಶೇ. 2ರ ಆಸುಪಾಸಿಗೆ ಇಳಿಯುತ್ತದೆ. ಇದೇ ಮನೆಗೆ 25 ಲಕ್ಷ ಸಾಲವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 21,700. ಬಾಡಿಗೆ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಬಾಡಿಗೆಯಿಂದಲೇ ಕಂತು ತೀರುತ್ತದೆ ಎಂದು ಬ್ರೋಕರ್ ಹೇಳಿದರೆ ಕಾಗದ, ಪೆನ್ನು ಕೊಟ್ಟು ಅವರಿಂದಲೇ ಲೆಕ್ಕ ಬರೆಸಿ. ಸಾಲ ಮಾಡಿ ಬಾಡಿಗೆ ಮನೆ ಕೊಳ್ಳುವುದು ಈ ಊರುಗಳ ಮಟ್ಟಿಗೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

2. ಹೊಳೆ ಎಲ್ಲಿಯವರೆಗೆ ಬಂದಿತ್ತು?

ಬೇಸಿಗೆಯಲ್ಲಿ ಕಪಿಲೆಯನ್ನು ನೋಡಿ ಮನೆ ಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ಹದಿನಾರು ಕಾಲು ಮಂಟಪವನ್ನು ಮುಳುಗಿಸಿ, ತೋಪಿನ ಬೀದಿ, ಹಳ್ಳದಕೇರಿಯಂಥ ಕಡೆ ಮನೆಗಳಿಗೆ ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಬಂದ್ ಆಯಿತು. ಕಾವೇರಿ, ಕಪಿಲೆ ಕೂಡುವ ತಿ. ನರಸೀಪುರದಲ್ಲೂ ಇದೇ ಎಚ್ಚರ ಬೇಕು. ಅಕ್ಕಪಕ್ಕದ ಹಿರಿಯರನ್ನು ಕೇಳಿದರೆ ನೀರು ನಿಂತ ಮಟ್ಟವನ್ನು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಹಳ್ಳಿಯಲ್ಲೇ ನಿವೇಶನ ಕೊಳ್ಳುವವರು ಕೆರೆ, ಕಾಲುವೆಯ ಒತ್ತುವರಿ ಏನಾದರೂ ಇದೆಯೇ ಎಂದು ಗ್ರಾಮ ನಕ್ಷೆಯಲ್ಲಿ ನೋಡಬೇಕು.

3. ಕಾಗದಪತ್ರ

ನೋಂದಣಿ ಇಲಾಖೆಯಿಂದ ಕನಿಷ್ಠ 30 ವರ್ಷದ ಋಣಭಾರ ಪತ್ರ ತೆಗೆಸಿ. ನಂಜನಗೂಡು ನಗರಸಭೆ, ತಿ. ನರಸೀಪುರ ಪುರಸಭೆ ವ್ಯಾಪ್ತಿಯಲ್ಲಿ ಇ-ಖಾತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. 11ಬಿ ಎಂದಿದ್ದರೆ ಬಡಾವಣೆಗೆ ಅನುಮೋದನೆ ಇಲ್ಲದಿರಬಹುದು, ಬ್ಯಾಂಕ್ ಸಾಲವೂ ಕಷ್ಟ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ನೋಡದೆ ಮುಂದುವರಿಯಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅಣ್ಣತಮ್ಮಂದಿರಷ್ಟೇ ಸಹಿ ಹಾಕಿದ ಕ್ರಯ, ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರ ದಾವೆಯಿಂದ ನಿಂತುಹೋಗಬಹುದು. ನಿವೇಶನ ಎದ್ದ ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ, ಪೂರ್ವಾನುಮತಿ ಇಲ್ಲದ ಮಾರಾಟ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಊರ್ಜಿತವಲ್ಲ. ಇದನ್ನು ವಕೀಲರಿಂದಲೇ ಪರಿಶೀಲನೆ ಮಾಡಿಸಿ.

4. ಒಳಗಿರುವವರು ಯಾರು?

ಜನ ಹೆಚ್ಚಾಗಿ ಮರೆಯುವ ಹೆಜ್ಜೆ ಇದು. ಮನೆಯಲ್ಲಿ ಈಗಾಗಲೇ ಬಾಡಿಗೆಗಿರುವವರನ್ನು, ಮಾಲೀಕರು ಜೊತೆಯಲ್ಲಿಲ್ಲದ ಹೊತ್ತಿನಲ್ಲಿ, ಒಮ್ಮೆ ಮಾತಾಡಿಸಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ, ಯಾವತ್ತಿನಿಂದ ಇದ್ದೀರಿ, ಕರಾರು ಇದೆಯೇ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಬಾಡಿಗೆಗಿದ್ದಾರೋ ಭೋಗ್ಯಕ್ಕಿದ್ದಾರೋ ತಿಳಿದುಕೊಳ್ಳಿ.

ಭೋಗ್ಯವೆಂದರೆ ಲಕ್ಷಗಟ್ಟಲೆ ಹಣ ಒಟ್ಟಿಗೆ ಪಡೆದು, ಅವಧಿ ಮುಗಿಯುವವರೆಗೆ ಬಾಡಿಗೆ ಕೇಳದಿರುವ ಏರ್ಪಾಡು. ಹೋಗುವಾಗ ಅಷ್ಟೂ ಹಣ ವಾಪಸ್ ಕೊಡಬೇಕು. ಛಾಪಾ ಕಾಗದದ ಮೇಲೆ ಬರೆದು, ನೋಂದಣಿ ಮಾಡಿಸದೆ ಬಿಟ್ಟ ಭೋಗ್ಯ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ನೀವು ಕೊಂಡ ಮೇಲೆ ಒಳಗಿರುವವರು ತಮ್ಮ ಐದಾರು ಲಕ್ಷ ಕೊಟ್ಟರೆ ಬಿಡುತ್ತೇವೆ ಎನ್ನುತ್ತಾರೆ. ಅವರ ಮಾತು ನ್ಯಾಯವೇ, ಅದು ಅವರ ಬೆವರಿನ ಹಣ. 'ನನಗೆ ಗೊತ್ತಿರಲಿಲ್ಲ' ಎನ್ನುವುದೂ ಸುಲಭವಲ್ಲ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಸ್ವತ್ತಿನಲ್ಲಿ ವಾಸವಿರುವವರ ಹಕ್ಕು ಕೊಳ್ಳುವವರಿಗೆ ತಿಳಿದಿತ್ತು ಎಂದೇ ಎಣಿಸಲಾಗುತ್ತದೆ.

ಪರಿಹಾರ ಸರಳ. ಮಾರುವವರು, ಕೊಳ್ಳುವವರು, ಬಾಡಿಗೆದಾರರು ಮೂವರೂ ಸಹಿ ಹಾಕಿದ ಒಂದು ಪತ್ರದಲ್ಲಿ ಬಾಡಿಗೆ, ಅಡ್ವಾನ್ಸ್, ಬಾಕಿ ಎಲ್ಲವನ್ನೂ ಬರೆಸಿ. ಅಡ್ವಾನ್ಸ್ ಅಥವಾ ಭೋಗ್ಯದ ಮೊತ್ತವನ್ನು ಕ್ರಯದ ಹಣದಿಂದಲೇ ಮುರಿದುಕೊಳ್ಳಿ.

5. ಕರಾರು

ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, 11 ತಿಂಗಳ ಕರಾರು ರೂಢಿಗೆ ಬಂದಿರುವುದು ಇದಕ್ಕೇ. ಮುಗಿದ ಕೂಡಲೇ ಹೊಸದು ಮಾಡಿಸಿ. ಬಾಡಿಗೆ ಏರಿಕೆ, ರಿಪೇರಿ ಯಾರ ಪಾಲು, ಮನೆ ಬಿಡಲು ಎಷ್ಟು ತಿಂಗಳ ಮುನ್ಸೂಚನೆ ಎಂಬುದು ಅದರಲ್ಲಿರಲಿ. ಏನೂ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾನೂನು ಹೇಳುವುದು 15 ದಿನದ ನೋಟಿಸ್, ಇಬ್ಬರಿಗೂ ಅದು ಸಾಲದು. ಬಾಡಿಗೆ ಬ್ಯಾಂಕ್ ಖಾತೆಗೇ ಬರಲಿ.

6. ಕರೆಂಟ್ ಮೀಟರ್

ಒಂದೇ ಮೀಟರಿನಲ್ಲಿ ಮೂರು ಸಂಸಾರವಿದ್ದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿ ದಾಟಿ ಇಡೀ ಬಿಲ್ ಕಟ್ಟಬೇಕಾಗುತ್ತದೆ, ತಿಂಗಳಿಗೊಮ್ಮೆ ಜಗಳ ಖಾಯಂ. ಪ್ರತಿ ಮನೆಗೂ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಬೇರೆ ಮೀಟರ್ ಹಾಕಿಸಿ. ಹಳೆಯ ಬಾಡಿಗೆದಾರರು ಹೋದಾಗ ಅವರ ಆಧಾರ್ ಜೋಡಣೆ ತೆಗೆಸಿ, ಇಲ್ಲದಿದ್ದರೆ ಹೊಸಬರಿಗೆ ಸೌಲಭ್ಯ ಸಿಗುವುದಿಲ್ಲ.

7. ಯಾರಿಗೆ ಕೊಡಬೇಕು?

ಕೆಲಸದ ಗುರುತಿನ ಚೀಟಿ, ಆಧಾರ್ ಪ್ರತಿ ಪಡೆದು ಠಾಣೆಗೆ ವಿವರ ಕೊಡಿ. ಹಿಂದಿನ ಮನೆಯ ಮಾಲೀಕರಿಗೆ ಒಂದು ಫೋನ್ ಮಾಡಿ. 'ನೀವು ಯಾವ ಜನ?' ಎಂಬ ಪ್ರಶ್ನೆ ಮಾತ್ರ ಬೇಡ. ಬಾಡಿಗೆ ಸರಿಯಾಗಿ ಬರುತ್ತದೆಯೇ ಎಂಬುದಕ್ಕೆ ಜಾತಿ ಯಾವ ಉತ್ತರವನ್ನೂ ಕೊಡುವುದಿಲ್ಲ. ಕೇಳಿಸಿಕೊಂಡವರಿಗೆ ಅದು ಅವಮಾನ, ನಿಮ್ಮ ಮನೆಗೆ ಒಳ್ಳೆಯವರು ಬರುವ ದಾರಿಯೂ ಅಲ್ಲೇ ಮುಚ್ಚುತ್ತದೆ.

ಬೀಗದ ಕೈ ಕೊಡುವ ದಿನ ಗೋಡೆ, ನಲ್ಲಿ, ಬಾಗಿಲು, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದು ಬಾಡಿಗೆದಾರರಿಗೂ ಕಳಿಸಿ. ಅಡ್ವಾನ್ಸ್ ಹಣವನ್ನು ಬೇರೆ ಖಾತೆಯಲ್ಲಿಡಿ. ಮನೆ ಬಿಡುವ ದಿನ ಫೋಟೋ ಹಿಡಿದು ಇಬ್ಬರೂ ಒಟ್ಟಿಗೆ ನೋಡಿ, ಕಳೆಯಬೇಕಾದ್ದನ್ನು ಬರೆದು ತೋರಿಸಿ, ಉಳಿದದ್ದನ್ನು ಅವತ್ತೇ ಕೊಟ್ಟುಬಿಡಿ. ಅವರು ಮುಂದಿನ ಮನೆಗೆ ಅಡ್ವಾನ್ಸ್ ಕಟ್ಟಬೇಕಾಗಿರುವುದೂ ಅದೇ ಹಣದಿಂದ.